ಕಲ್ಲಿಸ್ ಎಂಬ ನಾಮಪದ

"ಕಲ್ಲು ಅಲ್ಲ ಕಣಯ್ಯ, ಗಲ್ಲಿಯೂ ಅಲ್ಲ," ಎಂದಿದ್ದರು ಇನ್ನಾಸಪ್ಪ ಸ್ವಾಮಿಗಳು.
"ಕಿವಿಗೆ ಹತ್ತಿರ ಇದ್ದವರೆಲ್ಲ
ನೆಂಟರಾಗುವುದಿಲ್ಲ."

ಮೈಸೂರಿನ ಗುರುಮಠದಲ್ಲಿ ನನಗದು ಎರಡನೇ ವರ್ಷ.
ಕಪ್ಪು ಹಲಗೆಯ ಮೇಲೆ ಅವರ ಅಕ್ಷರ
ಏದುಸಿರು ಬಿಡುತ್ತ ಓರೆಯಾಗಿ ಹತ್ತುತ್ತಿತ್ತು:
ಕಲ್ಲಿಸ್, ಕಲ್ಲಿಸ್, ಕಲ್ಲೀ, ಕಲ್ಲೆಂ, ಕಲ್ಲೆ.
ಮೊದಲನೆಯದು ದಾರಿ. ಎರಡನೆಯದು ದಾರಿಯ.
ರೂಪ ಒಂದೇ. ದಾರಿಗೂ, ದಾರಿಗೆ ಸೇರಿದ್ದಕ್ಕೂ
ಆ ಜನ ಇಲ್ಲಿ ಭೇದ ಮಾಡಲಿಲ್ಲ.

ವಿಯಾ ಬಂಡಿಗೆ, ದಂಡಿಗೆ.
ಸೆಮಿತಾ ಒಬ್ಬರೇ ಹೋಗುವುದಕ್ಕೆ.
ಕಲ್ಲಿಸ್ ಮಾತ್ರ ದನಕುರಿಯದು.
ಹುಟ್ಟು ಎಲ್ಲಿ ಎಂದು ಕೇಳಿದರೆ
"ನಿನ್ನ ಅಂಗಾಲು ನೋಡಿಕೋ" ಎಂದರು.
ಕಲ್ಲುಮ್ ಎಂದರೆ ಜಡ್ಡು; ತುಳಿದು ತುಳಿದು
ನೆಲಕ್ಕೇ ಜಡ್ಡು ಬಂದರೆ ಅದು ಕಲ್ಲಿಸ್.
ಹಳೆಯ ಪಂಡಿತರ ಮಾತಿದು; ನಿಘಂಟಿನವರು
ಪೂರ್ತಿ ಒಪ್ಪಿದಂತಿಲ್ಲ.
ಲಿಂಗವೂ ಅಷ್ಟೆ: ಒಬ್ಬ ಬರೆದರೆ ಗಂಡು,
ಇನ್ನೊಬ್ಬ ಬರೆದರೆ ಹೆಣ್ಣು.
ನಾನು ನಕ್ಕುಬಿಟ್ಟೆ.

ಗುರುಮಠ ಬಿಟ್ಟೆ, ಕಾರಣ ಬೇರೆ.
ಲ್ಯಾಟಿನ್ ಜಪಸರ ಹರಿದ ಹಾಗೆ ಚೆಲ್ಲಿಹೋಯಿತು.
ಒಂದೆರಡು ಮಣಿ ಜೇಬಿನ ಹೊಲಿಗೆಯಲ್ಲಿ
ಈಗಲೂ ಬೆರಳಿಗೆ ಸಿಗುತ್ತವೆ.

ಈಗ ಭೂಮಾಪಕ. ಸರಪಳಿ ಹೋಗಿ ಯಂತ್ರ ಬಂತು, ಜಗಳ ಅದೇ.
ಪಾಂಡವಪುರದಾಚೆ, ಬೋರಲಿಂಗೇಗೌಡರ ಕಬ್ಬಿನ ಗದ್ದೆ.
ಅರ್ಜಿದಾರಳು ನಿಂಗಾಜಮ್ಮ; ಕುರಿ, ಮೂವತ್ತೆರಡು.
ಗ್ರಾಮನಕ್ಷೆಯಲ್ಲಿ ಚುಕ್ಕೆಗೆರೆ ಇಲ್ಲ.
"ನಕಾಶೆ ಕಂಡ ದಾರಿ ಆದ್ರೆ ಬಿಡ್ತೀನಿ ಸಾ,
ಕುರಿ ಕಂಡ ದಾರಿಗೆಲ್ಲ ಬಿಡಕ್ಕಾಯ್ತದಾ?"
ಗೌಡರು ಹೇಳಿದ್ದನ್ನೇ ನನ್ನ ಕಡತವೂ ಹೇಳುತ್ತಿತ್ತು.

ಆಕೆ ಬದುವಿನ ಮೇಲೆ ಕೂತು
"ತೆಪ್ ತಿಳ್ಕಬ್ಯಾಡಿ" ಎನ್ನುತ್ತ ಎಡಗಾಲು ಎತ್ತಿದಳು.
ಹಿಮ್ಮಡಿ ಹೋದ ವರ್ಷದ ಬೆಲ್ಲದಚ್ಚಿನ ಬಣ್ಣ,
ಅಷ್ಟೇ ಗಟ್ಟಿ.
"ಇದು ಎಲ್ಲಿ ಬಂತು ಅಂತೀರಿ, ರತ್ನಗಂಬಳಿ ಮ್ಯಾಲ?
ನಮ್ಮವ್ವ ಇಲ್ಲೇ ಬತ್ತಿತ್ತು.
ಅವ್ರವ್ವನೂ ಇಲ್ಲೇ ಹೋಯ್ತಿತ್ತು."

ಬತ್ತಿತ್ತು. ಹೋಯ್ತಿತ್ತು.
ಈ ಸೀಮೆಯ ಮಾತಿನಲ್ಲಿ ಅವ್ವ ನಪುಂಸಕಲಿಂಗ,
ಅಕ್ಕರೆಯಿಂದಲೇ. ದಾರಿಗೂ ಅದೇ ಕ್ರಿಯಾಪದ.
ಇಲ್ಲೇ ಬತ್ತಿತ್ತು ಎಂದರೆ ಅವ್ವನೋ ದಾರಿಯೋ,
ಕೇಳಿದವನೇ ಬಿಡಿಸಿಕೊಳ್ಳಬೇಕು.
ಸ್ವಾಮಿಗಳೇ, ಅಂದು ನಕ್ಕದ್ದು ತಪ್ಪಾಯಿತು.

ಯಂತ್ರ ನಿಲ್ಲಿಸಲು ನಾಲೆ ಏರಿ ಹತ್ತಿದೆ.
ಮೇಲಿಂದ ಕಂಡಿತು: ಗದ್ದೆಯ ನಡುವೆ ಒಂದಾಳು ಅಗಲ
ಮೊಳದಷ್ಟು ಗಿಡ್ಡ ಕಬ್ಬು, ಸುಳಿ ಹಳದಿ.
ನೆಟ್ಟಗೂ ಇಲ್ಲ; ಒಂದು ಕಡೆ
ಎಂದೋ ಇದ್ದು ಈಗಿಲ್ಲದ ಮರವನ್ನು
ಬಳಸಿಕೊಂಡು ಹೋಗಿದೆ.
ಟ್ರ್ಯಾಕ್ಟರ್ ಎರಡು ಸಲ ಉತ್ತಿದೆ, ಗೊಬ್ಬರ ಬಿದ್ದಿದೆ,
ನಾಲೆಯ ನೀರು ಎಲ್ಲಕ್ಕೂ ಒಂದೇ ಸಮ ಹಾಯ್ದಿದೆ.
ಬೇರಿಗೆ ಮಾತ್ರ ಗೊತ್ತು
ಕೆಳಗೆ ಅಂಗಾಲು ಇದೆ ಎಂದು.

ಮಹಜರಿನಲ್ಲಿ ಇದಕ್ಕೆ ಕಾಲಂ ಇಲ್ಲ.
ಉದ್ದ ಬರೆದೆ, ಅಗಲ ಬರೆದೆ,
ಷರಾ ಎಂಬಲ್ಲಿ ಪೆನ್ನು ನಿಂತಿತು.
ನಮ್ಮಲ್ಲೂ ಹಿಂದೆ ಬಟ್ಟೆ ಎಂದರೆ ದಾರಿ; ಈಗ ಉಡುವುದು ಮಾತ್ರ.
ಪದವೂ ಬೀಳುಬಿಟ್ಟರೆ ಯಾರೋ ಉತ್ತುಬಿಡುತ್ತಾರೆ.
ದಾರಿಯು, ದಾರಿಯನ್ನು, ದಾರಿಯಿಂದ, ದಾರಿಗೆ...
ಶಾಲೆಯ ಹುಡುಗನ ಹಾಗೆ ಒಳಗೇ ಒಪ್ಪಿಸಿದೆ.
ಯಾವ ವಿಭಕ್ತಿ ಹಚ್ಚಿದರೂ ಗೌಡರ ಸಹಿ ಬೀಳುವುದಿಲ್ಲ.

ಅಷ್ಟರಲ್ಲಿ ಕುರಿಗಳು, ಅರ್ಜಿ ಇತ್ಯರ್ಥವಾಗುವ ಮೊದಲೇ,
ಗಿಡ್ಡ ಕಬ್ಬಿನೊಳಗೆ ತಲೆ ತೂರಿಸಿದ್ದವು.
"ಏಯ್, ಹಿಡ್ಕಳಮ್ಮೀ!" ಗೌಡರು ಕೂಗಿದರು.
ನಿಂಗಾಜಮ್ಮ ಎದ್ದಿತು,
ಸೀರೆಗೆ ಹತ್ತಿದ ಮಣ್ಣು ಕೊಡವಿತು,
ಅವುಗಳ ಹಿಂದೆಯೇ ಹೋಯಿತು.